ನೀರಣ್ಣನ ಪಾಲಿನ ಮೂರನೆಯದು

ಅವರಿಬ್ಬರ ಕೊನೆಯ ನೆಟ್ಟಗಿನ ದಿನ ಒಂದು ಚಪ್ಪಲಿ ಕಟ್ಟೆಯ ಜಗಳದಿಂದ ಶುರುವಾಯಿತು. ಜಗಳ ಎಂದರೆ ಜಗಳವೂ ಅಲ್ಲ. ಇಪ್ಪತ್ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದವರು ಬೆಳಿಗ್ಗೆ ಮಾತಾಡುವ ರೀತಿ ಅದು.

“ಇವಳೇ, ನಿನ್ನೆ ಹೇಳಿದ್ದು ಬಿಟ್ಬಿಡು. ಮೂರನೇದು ಬದಲಾಯ್ತು,” ಎಂದ ಗಂಡ, ಕನ್ನಡಿಯ ಮುಂದೆ ತಲೆ ಬಾಚುತ್ತ. ಬಾಚಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಅವಳು ಒಲೆಯ ಮುಂದೆ ಮಣೆಯ ಮೇಲೆ ನಿಂತಿದ್ದಳು. ಆ ಬಾಡಿಗೆ ಮನೆಯ ಅಡುಗೆ ಕಟ್ಟೆಯನ್ನು ಯಾರೋ ಎತ್ತರದವರು ಕಟ್ಟಿಸಿದ್ದರು. ಅವಳು ಗಿಡ್ಡಿ. ಮಣೆ ಇಲ್ಲದಿದ್ದರೆ ಪಾತ್ರೆಯೊಳಗೆ ಏನಾಗುತ್ತಿದೆ ಎಂದು ಮೂಗಿನಿಂದಲೇ ತಿಳಿಯಬೇಕು. ತಿರುಗದೆಯೇ ಕೇಳಿದಳು, “ಮತ್ತೆ ಯಾರ ಮನೆ ನೋಡ್ಕೊಂಡು ಬಂದ್ರಿ?”

“ದರ್ಜಿ ಮನೆ. ಬಾಗಿಲು ದಾಟಿದ ಕೂಡ್ಲೆ ಗೋಡೆಗೆ ಸೇರಿಸಿ ಒಂದು ಸಣ್ಣ ಕಟ್ಟೆ ಇದೆ ನೋಡು. ಕೂತ್ಕೊಂಡು ಆರಾಮಾಗಿ ಚಪ್ಪಲಿ ಬಿಚ್ಚಬಹುದು. ಕೊಕ್ಕರೆ ಥರ ಒಂಟಿ ಕಾಲಲ್ಲಿ ಕುಣಿಯೋ ಹಾಗಿಲ್ಲ.”

“ಮೊನ್ನೆ ಅಟ್ಟ ಅಂದ್ರಿ. ಆಚೆ ಮೊನ್ನೆ ಸೂರಲ್ಲಿ ಗಾಜು ಅಂದ್ರಿ. ನಿಮ್ಮ ಮಾತು ಕೇಳ್ಕೊಂಡ್ರೆ ಮೇಸ್ತ್ರಿ ಮನೆ ಅಲ್ಲ, ಊರು ಕಟ್ಟಬೇಕು.”

“ಕಟ್ಟಲಿ ಬಿಡು. ಅದರಲ್ಲೂ ಮನೆಮನೆಗೆ ಹೋಗಿ ಮೀಟರ್ ಓದ್ತೀನಿ.”

ಅವನ ಕೆಲಸವೇ ಅದು, ನೀರಿನ ಮೀಟರ್ ಓದುವುದು. ಹೆಗಲಿಗೊಂದು ಚೀಲ, ಕಿಸೆಯಲ್ಲಿ ಕನ್ನಡಕ, ಕೈಯಲ್ಲಿ ಪುಸ್ತಕ. ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಬೇಕು, ಮೀಟರಿನ ಅಂಕಿ ನೋಡಬೇಕು, ಬರೆದುಕೊಂಡು ಮುಂದಿನ ಮನೆಗೆ ನಡೆಯಬೇಕು. ಬೀದಿಯ ಜನ ಅವನನ್ನು ನೀರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಹೀಗೆ ನಡೆದು ನಡೆದು, ಯಾರ ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಯಾರ ಬಚ್ಚಲಲ್ಲಿ ನೀರು ನಿಲ್ಲುತ್ತದೆ, ಯಾರ ಅಡುಗೆಮನೆಯ ಹೊಗೆ ಮಲಗುವ ಕೋಣೆಗೆ ಹೋಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಸಂಜೆ ಮನೆಗೆ ಬಂದವನು ಚಹಾ ಕುಡಿಯುತ್ತ ಒಂದೊಂದು ಮನೆಯನ್ನು ಬಿಚ್ಚಿ ಹರಡುತ್ತಿದ್ದ. ಬೇರೆ ಗಂಡಸರು ಊರ ಸುದ್ದಿ ತರುತ್ತಾರೆ. ಇವನು ಊರ ಗೋಡೆಗಳ ಸುದ್ದಿ ತರುತ್ತಿದ್ದ.

ಹಾಗಾಗಿ ಸ್ವಂತ ಮನೆ ಕಟ್ಟುವ ಹೊತ್ತು ಬಂದಾಗ ಅವನ ತಲೆಯಲ್ಲಿ ನೂರು ಮನೆಗಳಿದ್ದವು. ಜಾಗ ಮಾತ್ರ ಅಂಗೈಯಗಲ. ಅವನು ಹೇಳಿದ್ದನ್ನೆಲ್ಲ ಸೇರಿಸಿದರೆ ಮಲಗಲು ಜಾಗ ಉಳಿಯುತ್ತಿರಲಿಲ್ಲ. ಆಗ ಅವಳು ಮೇಸ್ತ್ರಿಯನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಕಾನೂನು ಮಾಡಿದಳು.

“ನಿಮಗೆ ಮೂರು, ನನಗೆ ಮೂರು. ಉಳಿದಿದ್ದು ಮೇಸ್ತ್ರಿ ಇಷ್ಟ. ಮೂರೂ ದಿನಾ ಕೈಗೆ ಬರೋ ಅಂಥದ್ದಾಗಿರಬೇಕು. ನೆಂಟರಿಗೆ ತೋರ್ಸೋಕೆ ಅಂತ ಏನೂ ಬೇಡ.”

ಅವಳ ಮೂರು ಒಂದೇ ಉಸಿರಲ್ಲಿ ಮುಗಿದವು. ಅಡುಗೆ ಕಟ್ಟೆ ಅವಳ ಎತ್ತರಕ್ಕಿರಬೇಕು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೂರಿರಬೇಕು. ಮಗಳಿಗೆ ಅವಳದೇ ಕೋಣೆ, ಒಳಗಿನಿಂದ ಚಿಲಕ. ಮಗಳು ಇಪ್ಪತ್ತೆರಡು ವರ್ಷದವಳು, ಔಷಧಿ ಅಂಗಡಿಯಲ್ಲಿ ಕೆಲಸ. ಹುಟ್ಟಿದಾಗಿನಿಂದ ನಡುಮನೆಯಲ್ಲಿ ಮಲಗಿ, ಬೀರು ಬಾಗಿಲಿನ ಮರೆಯಲ್ಲಿ ಬಟ್ಟೆ ಬದಲಿಸಿದವಳು.

ಅವನ ಎರಡು ಬೇಗ ಗೊತ್ತಾದವು. ಬಚ್ಚಲ ನೆಲ ಇಳಿಜಾರಾಗಿರಬೇಕು, ನೀರು ಹೇಳದೆ ಕೇಳದೆ ಹೊರಗೆ ಹೋಗಬೇಕು. ದೀಪದ ಸ್ವಿಚ್ಚು ಬಾಗಿಲ ಹತ್ತಿರವೂ ಇರಬೇಕು, ಮಂಚದ ಹತ್ತಿರವೂ ಇರಬೇಕು. “ಮಲಗಿದ್ಮೇಲೆ ದೀಪ ಆರಿಸೋಕೆ ಯಾರೇಳಬೇಕು ಅನ್ನೋ ಜಗಳ ಎಷ್ಟು ಮನೇಲಿ ಕೇಳಿದೀನಿ ಗೊತ್ತಾ,” ಎಂದಿದ್ದ. ಕೇಳಲು ಬೇರೆ ಮನೆಗೆ ಹೋಗಬೇಕಾಗಿಯೇ ಇರಲಿಲ್ಲ.

ಮೂರನೆಯದು ಮಾತ್ರ ನಿಲ್ಲಲೊಲ್ಲದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ದಿನಕ್ಕೊಂದು ಕುಲಾವಿ.

ಅವತ್ತು ಸಂಜೆ ಇಬ್ಬರೂ ಕಟ್ಟಡ ನೋಡಲು ಹೋದರು. ಗೋಡೆಗಳು ಸೊಂಟದೆತ್ತರ ಎದ್ದಿದ್ದವು. ಅವಳು ಹತ್ತಿರದ ದಾರಿ ಎಂದು ಸೀರೆ ಎತ್ತಿಕೊಂಡು ಗೋಡೆ ದಾಟಲು ಹೋದಳು.

“ಏ, ಏ. ಅದು ಗೋಡೆ. ಬಾಗಿಲಲ್ಲಿ ಬಾ.”

“ಬಾಗಿಲೆಲ್ಲಿದೆ?”

“ಇಲ್ಲಿದೆ. ನಾನು ತೆಗೆದು ಹಿಡ್ಕೊಂಡು ನಿಂತಿಲ್ವಾ?” ಎಂದು ಗಾಳಿಯಲ್ಲಿ ಕೈ ಹಿಡಿದು ನಿಂತ. ಅವಳು ಸುತ್ತಿ ಬಂದು ಆ ಇಲ್ಲದ ಬಾಗಿಲಿನಿಂದ ಒಳಗೆ ಕಾಲಿಟ್ಟಳು. ಮೇಸ್ತ್ರಿ ನಕ್ಕು, ಬಾಯಲ್ಲಿದ್ದ ಪೆನ್ಸಿಲ್ ತೆಗೆದು, ಅವಳನ್ನು ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದ. ಮೊಣಕೈ ಮಡಿಸಲು ಹೇಳಿದ. ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಇಟ್ಟಿಗೆಗೆ ಗೆರೆ ಎಳೆದ.

“ಅಕ್ಕನ ಕಟ್ಟೆ ಆಯ್ತು. ಅಣ್ಣ, ನಿಮ್ಮ ಮೂರನೇದು?”

“ಸೋಮವಾರ ಹೇಳ್ತೀನಿ.”

“ಯಾವ ಸೋಮವಾರ ಅಂತ ಕೇಳಪ್ಪ,” ಎಂದಳು ಅವಳು.

ನಾಳೆ ಇಲ್ಲ ಎಂಬ ಸುಳಿವೇನೂ ಇರಲಿಲ್ಲ. ಬರುವಾಗ ದಾರಿಯಲ್ಲಿ ಈರುಳ್ಳಿ ಕೊಂಡರು. ಅವನೇ ಚೀಲ ಹಿಡಿದ.

ಮಾರನೆಯ ದಿನ ಹನ್ನೊಂದೂವರೆಗೆ, ಊರಾಚೆಯ ಬೀದಿಯ ಒಂದು ಮನೆಯಲ್ಲಿ, ಮೀಟರ್ ಓದಲು ಕುಳಿತವನು ಏಳಲಿಲ್ಲ. ಆ ಮನೆಯಾಕೆ ಕಿಟಕಿಯಿಂದ ಎರಡು ಸಲ ನೋಡಿದಳಂತೆ. ಇನ್ನೂ ಓದುತ್ತಿದ್ದಾನೆ ಅಂದುಕೊಂಡಳಂತೆ. ಮೂರನೆಯ ಸಲ ನೋಡಿದಾಗಲೂ ಹಾಗೇ ಇದ್ದ. ಎದೆಬಡಿತ ನಿಂತಿತ್ತು. ವೈದ್ಯರು ಹೇಳಿದ್ದು ಇಷ್ಟೇ, ನೋವು ಹೆಚ್ಚು ಹೊತ್ತು ಇರಲಿಕ್ಕಿಲ್ಲ. ಹೆಚ್ಚು ಹೊತ್ತು ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಹೇಳಲು ಏನಿದೆ. ಜನ ಬಂದರು, ಹೋದರು. ಪಾತ್ರೆ ತೊಳೆದಷ್ಟೂ ಮುಗಿಯಲಿಲ್ಲ. ಅವಳು ಸಂಜೆ ಎರಡು ಲೋಟ ಚಹಾ ಸೋಸುತ್ತಿದ್ದಳು, ಒಂದನ್ನು ಮಗಳು ಕುಡಿಯುತ್ತಿದ್ದಳು. ಮಗಳಿಗೆ ಚಹಾ ಸೇರುತ್ತಿರಲಿಲ್ಲ.

ತಿಂಗಳಾದ ಮೇಲೆ ಮೇಸ್ತ್ರಿ ಬಂದು ಬಾಗಿಲ ಹೊರಗೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ, ಕಾಲಲ್ಲಿ ಗಾರೆ ಇದೆ ಎಂದ. ಗಾರೆ ಇರಲಿಲ್ಲ. ಕೆಲಸ ನಿಂತೇ ತಿಂಗಳಾಗಿತ್ತು.

“ಅಕ್ಕ, ಹೇಳೋಕೆ ಬಾಯಿ ಬರ್ತಿಲ್ಲ. ಸಿಮೆಂಟು ಮೂಟೇಲೇ ಗಟ್ಟಿ ಆಗ್ತಿದೆ. ಗೋಡೆ ಹಾಗೇ ಬಿಟ್ರೆ ಪಾಚಿ ಕಟ್ಟುತ್ತೆ. ಮಾಡೋದಾದ್ರೆ ಈಗ ಮಾಡ್ಬೇಕು.”

“ಮಾಡು,” ಎಂದಳು.

“ಹಾಗಾದ್ರೆ ಅಣ್ಣನ ಮೂರನೇದು...”

ಅವಳು ಬೆರಳು ಮಡಿಸಿ ಎಣಿಸಿದಳು. ಐದು ಗೊತ್ತಿತ್ತು. ಆರನೆಯದು ಗೊತ್ತಿರಲಿಲ್ಲ. ಆರು ಎಂದು ಮಾತಾಡಿಕೊಂಡ ಮನೆಯಲ್ಲಿ ಐದೇ ಇದ್ದರೆ, ಅವನು ಹೊಸ್ತಿಲವರೆಗೆ ಬಂದು ಅಲ್ಲೇ ನಿಂತ ಹಾಗೆ. ಅವಳು ತನಗೆ ತೋಚಿದ್ದನ್ನು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆಗ ಅವನ ಪಾಲಿಗೆ ಎರಡು, ಅವಳ ಪಾಲಿಗೆ ನಾಲ್ಕು. ಸತ್ತವನ ಪಾಲು ಕಿತ್ತುಕೊಂಡ ಹಾಗಾಗುತ್ತದೆ.

“ಒಂದು ವಾರ ಕೊಡು,” ಎಂದಳು.

ವಾರದೊಳಗೆ ಗೊತ್ತಾದದ್ದೇನೆಂದರೆ, ಅವನ ಮೂರನೆಯದು ಅವಳೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಮೇಸ್ತ್ರಿಗೆ ಅವನು ಗಾಜಿನ ಸೂರು ಎಂದಿದ್ದನಂತೆ. ಮಗಳಿಗೆ ಪುಸ್ತಕದ ಕಪಾಟು ಎಂದಿದ್ದನಂತೆ. ಮೈದುನ ಪರದೆ ಬಟ್ಟೆಯ ಅಂಗಡಿ ಇಟ್ಟವನು, ಫೋನಿನಲ್ಲಿ ದೊಡ್ಡ ಮನೆಗಳ ಚಿತ್ರ ತುಂಬಿಕೊಂಡು ಬಂದು ಕುರ್ಚಿ ಎಳೆದ.

“ಅತ್ತಿಗೆ, ನೀವು ಸುಮ್ನೆ ತಲೆ ಕೆಡಿಸ್ಕೋತಿದೀರಿ. ಅಣ್ಣನಿಗೆ ಇದ್ದಿದ್ದು ಒಂದೇ ಆಸೆ. ಮುಂದೆ ಎರಡು ಕಂಬ, ಮೇಲೊಂದು ಕಮಾನು.”

“ನಿನ್ನತ್ರ ಹೇಳಿದ್ರಾ?”

“ಬಾಯಿಬಿಟ್ಟು ಹೇಳಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು.”

“ಆ ಮುಖ ನಾನೂ ಇಪ್ಪತ್ನಾಲ್ಕು ವರ್ಷ ನೋಡಿದೀನಿ. ಅದರಲ್ಲಿ ಕಂಬ ಕಂಡಿಲ್ಲ.”

ಮೈದುನ ಫೋನು ಕಿಸೆಗೆ ಹಾಕಿಕೊಂಡ. ಆದರೂ ಏಳಲಿಲ್ಲ. “ಅವನ ಹೆಸರಿಗೆ ಏನಾದ್ರೂ ದೊಡ್ಡದು ಇರ್ಲಿ ಅಂತ ಅಂದೆ ಅತ್ತಿಗೆ,” ಎಂದ. ಕಣ್ಣು ಒದ್ದೆಯಾಗಿತ್ತು. ಅವಳು ಅವನಿಗೂ ಚಹಾ ಕೊಟ್ಟಳು.

ಕಚೇರಿಯವರು ಅವನ ಚೀಲ ತಂದುಕೊಟ್ಟಿದ್ದರು. ಅದರಲ್ಲಿ ಕನ್ನಡಕ, ಊಟದ ಡಬ್ಬಿ, ಒಂದು ಸಣ್ಣ ನೋಟ್‌ಬುಕ್ಕು. ಕಚೇರಿಯ ಪುಸ್ತಕ ಬೇರೆ, ಇದು ಅವನ ಸ್ವಂತದ್ದು. ಮನೆಗಳ ಬಗ್ಗೆ ಬರೆದಿಟ್ಟಿರಬೇಕು, ಮೂರನೆಯದು ಇದರಲ್ಲಿ ಸಿಕ್ಕೇ ಸಿಗುತ್ತದೆ ಎಂದು ಅವಳು ಬಾಗಿಲು ಹಾಕಿಕೊಂಡು ಕುಳಿತಳು. ಮೂರನೇ ತರಗತಿಯವರೆಗೆ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು.

“ಕೊಡಮ್ಮ, ನಾನು ಓದಿ ಹೇಳ್ತೀನಿ,” ಎಂದಳು ಮಗಳು.

“ಬೇಡ. ನಿಧಾನಕ್ಕೆ ಓದಿದ್ರೆ ಜಾಸ್ತಿ ಹೊತ್ತು ಬರುತ್ತೆ.”

ಅದರಲ್ಲಿ ಕಟ್ಟೆಯೂ ಇರಲಿಲ್ಲ, ಕಪಾಟೂ ಇರಲಿಲ್ಲ. ಮನೆಯ ನಂಬರು, ಪಕ್ಕದಲ್ಲಿ ಮೀಟರ್ ಎಲ್ಲಿದೆ ಎಂಬುದು, ಅಷ್ಟೇ. ಒಂದು ಮನೆಗೆ ಒಂದು ಸಾಲು.

ಏಳು: ಹಿಂದೆ, ಎಡಕ್ಕೆ. ಕಲ್ಲು ಎತ್ತಬೇಕು. ಭಾರ.

ಹದಿನಾರು: ಮೆಟ್ಟಿಲ ಕೆಳಗೆ. ತೆವಳಬೇಕು.

ಇಪ್ಪತ್ತೊಂದು: ಮುಳ್ಳುಗಿಡ. ಉದ್ದ ತೋಳಿನ ಅಂಗಿ.

ಮೂವತ್ತು: ಅಜ್ಜಿಗೆ ಕಿವಿ ಕೇಳಲ್ಲ. ಕಿಟಕಿ ಹತ್ತಿರ ಕೈ ಆಡಿಸು.

ಹಾಳೆ ತಿರುವಿದರೂ ಇದೇ. ಅವಳಿಗೆ ನಿರಾಸೆಯಾಯಿತು. ಹೇಳದೆ ಹೋದವನ ಮೇಲೆ ಸಿಟ್ಟೂ ಬಂತು. ಇಷ್ಟೆಲ್ಲ ಬರೆದವನಿಗೆ ತನಗೇನು ಬೇಕು ಎಂದು ಒಂದು ಸಾಲು ಬರೆಯಲು ಕೈ ನೋಯುತ್ತಿತ್ತೇ.

ಉಳಿದದ್ದು ಒಂದೇ ದಾರಿ. ಅವನು ನೋಡಿ ಬಂದ ಮನೆಗಳನ್ನು ತಾನೂ ನೋಡುವುದು. ಮರುದಿನ ಬೆಳಿಗ್ಗೆ ಕೊಡೆ ತೆಗೆದುಕೊಂಡು ಹೊರಟಳು.

ದರ್ಜಿ ಅವಳನ್ನು ನೋಡಿ ಕತ್ತರಿ ಕೆಳಗಿಟ್ಟು ಎದ್ದು ನಿಂತ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

“ನಮ್ಮನೆಯವರು ನಿಮ್ಮ ಮನೇಲಿ ಏನು ಹೊಗಳ್ತಿದ್ರು?”

“ಈ ಕಟ್ಟೆ ಅಮ್ಮ. ಊರಲ್ಲೇ ಇಂಥದ್ದಿಲ್ಲ ಅಂತಿದ್ರು. ನೀವೂ ಕೂತು ನೋಡಿ.”

ಅವಳು ಕುಳಿತಳು. ಚೆನ್ನಾಗಿಯೇ ಇತ್ತು. ಇದೇ ಇರಬಹುದು ಎಂದುಕೊಂಡು ಎರಡು ಮನೆ ದಾಟಿದಳು. ಅಲ್ಲಿ ಬಸ್ಸು ಓಡಿಸಿ ನಿವೃತ್ತನಾದವನೊಬ್ಬ ಅವಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದ. “ನೀರಣ್ಣ ಬಂದಾಗೆಲ್ಲ ಒಂದೇ ಮಾತು ತಾಯಿ. ಮೆಟ್ಟಿಲು ಅಂದ್ರೆ ಇದು, ಮುದುಕರ ಮಂಡಿ ಬಲ್ಲವನು ಕಟ್ಟಿದ್ದು, ಊರಲ್ಲೇ ಇಂಥದ್ದಿಲ್ಲ ಅಂತ.” ಕಿವಿ ಕೇಳದ ಅಜ್ಜಿ ಅವಳ ಪ್ರಶ್ನೆ ಕೇಳಿಸಿಕೊಳ್ಳದೆಯೇ ಉತ್ತರ ಕೊಟ್ಟಳು. ತನ್ನ ಕಿಟಕಿಯ ಸರಳು ಮುಟ್ಟಿ ತೋರಿಸಿ, “ಊರಲ್ಲೇ ಇಂಥದ್ದಿಲ್ಲ,” ಎಂದಳು. ಆ ಕಿಟಕಿಯ ಒಂದು ಸರಳು ಬಾಗಿತ್ತು. ಇನ್ನೊಂದು ಇರಲೇ ಇಲ್ಲ.

ಎಂಟು ಮನೆ ಮುಗಿಯುವಷ್ಟರಲ್ಲಿ ಊರಲ್ಲೇ ಇಲ್ಲದ ಎಂಟು ವಸ್ತುಗಳಾದವು. ಅವಳು ಒಂದು ಜಗಲಿಯ ಮೇಲೆ ಕುಳಿತು ನಕ್ಕಳು. ಅವನು ಹೋದ ಮೇಲೆ ಮೊದಲ ಸಲ. ಈ ಮನುಷ್ಯ ಹೋದ ಮನೆಯಲ್ಲೆಲ್ಲ ಒಂದನ್ನು ಹೊಗಳದೆ ಹೊರಗೆ ಬಂದವನಲ್ಲ. ಸುಳ್ಳು ಹೇಳಿದ್ದಲ್ಲ. ಹೇಳುವಾಗ ಅವನಿಗೆ ಅದು ನಿಜವೇ ಆಗಿತ್ತು, ಅದಕ್ಕೇ ಸಂಜೆ ಮನೆಗೆ ಬಂದು ಮೂರನೆಯದು ಬದಲಾಯಿತು ಎನ್ನುತ್ತಿದ್ದ. ಇನ್ನು ನೂರು ಮನೆ ಸುತ್ತಿದರೂ ನೂರು ಸಿಗುತ್ತವೆ. ಒಂದು ಸಿಗುವುದಿಲ್ಲ.

ವಾಪಸ್ಸು ಹೋಗಬೇಕಿತ್ತು. ಕಾಲು ಮಾತ್ರ ಊರಾಚೆಯ ಬೀದಿಗೆ ನಡೆಯಿತು. ಆ ಮನೆಗೆ ಅವಳು ಅಲ್ಲಿಯವರೆಗೆ ಹೋಗಿರಲಿಲ್ಲ.

ಮನೆಯಾಕೆ ಗುರುತು ಹಿಡಿದು ಕೈ ಹಿಡಿದುಕೊಂಡಳು. “ನಾನು ಬೇಗ ಹೊರಗೆ ಬರ್ಬೇಕಿತ್ತು ಕಣಮ್ಮ. ಓದ್ತಿದಾರೆ ಅಂತ ಅಂದ್ಕೊಂಡೆ.”

“ನಿಮ್ದೇನೂ ತಪ್ಪಿಲ್ಲ. ಅವರು ನಿಧಾನವೇ,” ಎಂದಳು. “ಮೀಟರ್ ಎಲ್ಲಿದೆ?”

ಕಾಂಪೌಂಡು ಗೋಡೆಯ ಮೂಲೆಯಲ್ಲಿ, ತಗಡು ಮುಚ್ಚಿದ ಗುಂಡಿ. ಮನೆಯಾಕೆ ಬೇಡ ಬೇಡ ಎನ್ನುತ್ತಿದ್ದರೂ ಅವಳು ತಗಡು ಸರಿಸಿದಳು. ಬಗ್ಗಿ ನೋಡಿದರೆ ಏನೂ ಕಾಣಲಿಲ್ಲ. ಒಂದು ಮಂಡಿ ಊರಿದಳು. ಆಗಲೂ ಕಾಣಲಿಲ್ಲ. ಎರಡೂ ಮಂಡಿ ಊರಿ, ಒಂದು ಕೈಯನ್ನು ನೆಲಕ್ಕೆ ಕೊಟ್ಟು, ತಲೆಯನ್ನು ಗುಂಡಿಯೊಳಗೆ ಇಳಿಸಿದ ಮೇಲೆ ಗಾಜು ಕಂಡಿತು. ಗಾಜಿನ ಮೇಲೆ ಕೆಸರು, ಕೆಸರಿನ ಮೇಲೆ ಜೇಡ. ಒದ್ದೆ ಮಣ್ಣಿನ ವಾಸನೆ. ಕಲ್ಲಿನ ಚೂರು ಸೀರೆಯ ಮೂಲಕವೇ ಮಂಡಿಗೆ ಚುಚ್ಚಿತು.

ಅವನ ಪ್ಯಾಂಟುಗಳೆಲ್ಲ ಮಂಡಿಯ ಹತ್ತಿರ ಮಾತ್ರ ಸವೆಯುತ್ತಿದ್ದವು. ಎಷ್ಟು ತೇಪೆ ಹಾಕಿದ್ದಳೋ ಲೆಕ್ಕವಿಲ್ಲ. ಹಾಕುವಾಗ, “ಸ್ಕೂಲ್ ಹುಡುಗರ ಥರ ಎಲ್ಲಿ ಬೀಳ್ತೀರಿ?” ಎಂದು ಬೈಯುತ್ತಿದ್ದಳು. ಅವನು, “ನಿನ್ನ ಕಾಲಿಗೇ ಬಿದ್ದಿದ್ದು, ಮರ್ತುಬಿಟ್ಯಾ?” ಎನ್ನುತ್ತಿದ್ದ. ಮಾತು ಅಲ್ಲಿಗೆ ತೇಲಿ ಹೋಗುತ್ತಿತ್ತು. ಚಹಾ ಕುಡಿಯುತ್ತ ಇಪ್ಪತ್ನಾಲ್ಕು ವರ್ಷ ಕಿಟಕಿಯ ಕಥೆ ಹೇಳಿದ, ಮೆಟ್ಟಿಲಿನ ಕಥೆ ಹೇಳಿದ. ಈ ಗುಂಡಿಯ ಕಥೆ ಒಂದು ದಿನವೂ ಹೇಳಲಿಲ್ಲ. ನೋಟ್‌ಬುಕ್ಕಿನ ಸಾಲುಗಳು ಅವಳಿಗೆ ಈಗ ಓದಲು ಬಂದವು. ಕಲ್ಲು ಎತ್ತಬೇಕು. ತೆವಳಬೇಕು.

ಮನೆಯಾಕೆ ಕೈಕೊಟ್ಟು ಎಬ್ಬಿಸಬೇಕಾಯಿತು. ಮಂಡಿಯ ಮಣ್ಣನ್ನು ಕೊಡವಿಕೊಳ್ಳದೆ ಅವಳು ನೇರವಾಗಿ ಕಟ್ಟಡಕ್ಕೆ ನಡೆದಳು. ಮೇಸ್ತ್ರಿ ಬಕೆಟ್ಟುಗಳನ್ನು ತೊಳೆಯುತ್ತಿದ್ದ.

“ನಮ್ಮನೆ ಮೀಟರ್ ಎಲ್ಲಿ ಬರುತ್ತೆ?”

“ಅದಾ? ಹಿಂದೆ, ನಿಮ್ಮ ಬಟ್ಟೆ ಕಲ್ಲಿನ ಮಗ್ಗುಲಲ್ಲಿ. ಆಗ್ಲೇ ಗುಂಡಿ ತೋಡಿಸಿದೀನಿ. ಎಲ್ಲರೂ ಇಡೋ ಜಾಗವೇ ಅಕ್ಕ.”

“ಅವರು ನೋಡಿದ್ರಾ?”

“ನೋಡಿದ್ರು. ಆಯ್ತು, ಇಲ್ಲೇ ಇರ್ಲಿ ಅಂದ್ರು. ಅವರ ತಲೆಯೆಲ್ಲ ಗಾಜಿನ ಸೂರಲ್ಲಿತ್ತು.”

ದೀಪದ ಬುಡದಲ್ಲಿ ಕತ್ತಲೆ. ಊರಿನ ಮೀಟರನ್ನೆಲ್ಲ ಮಂಡಿಯೂರಿ ಓದಿದವನು, ತನ್ನ ಮನೆಯ ಮೀಟರನ್ನೂ ಗುಂಡಿಗೇ ಹಾಕಲು ಒಪ್ಪಿದ್ದ. ಮೀಟರ್ ಎಂದರೆ ಗುಂಡಿಯಲ್ಲಿರುವುದು ಎಂದು ಅವನ ಮಂಡಿಗಳೇ ಒಪ್ಪಿಕೊಂಡುಬಿಟ್ಟಿದ್ದವು. ಕೇಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ.

“ಗುಂಡಿ ಮುಚ್ಚು,” ಎಂದಳು. “ಮೀಟರ್ ಮುಂದೆ ಬರ್ಲಿ. ಗೇಟಿನ ಪಕ್ಕ, ಗೋಡೇಲಿ. ನಿಂತ್ಕೊಂಡು ಓದೋ ಎತ್ತರಕ್ಕೆ.”

ಮೇಸ್ತ್ರಿ ಬಕೆಟ್ಟು ಕೆಳಗಿಟ್ಟ. “ಅಕ್ಕ, ಮೀಟರ್ ಯಾರಾದ್ರೂ ಶೋಕೇಸಲ್ಲಿ ಇಡ್ತಾರಾ?”

“ನಾವು ಇಡ್ತೀವಿ.”

“ಪೈಪು ಮೇಲೆ ಹತ್ತಿಸಿ ಮತ್ತೆ ಇಳಿಸ್ಬೇಕು.”

“ಹತ್ತಿಸು. ಇಳಿಸು. ಅದರ ಕೆಳಗೆ ಪುಸ್ತಕ ಇಟ್ಕೊಂಡು ಬರೆಯೋಕೆ ಒಂದು ಸಣ್ಣ ಹಲಗೆ ಕಲ್ಲು. ಮೇಲೆ ನೆರಳಿಗೆ ಒಂದು ಸಜ್ಜಾ. ಜಾಸ್ತಿ ದೊಡ್ಡದು ಬೇಡ. ಒಂದು ತಲೆ ಹಿಡಿಸಿದ್ರೆ ಸಾಕು.”

“ಇದು ಅಣ್ಣನ ಮೂರನೇದಾ?” ಮೇಸ್ತ್ರಿ ಮೆಲ್ಲಗೆ ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. “ಅವರು ಹೇಳಿದ್ದಲ್ಲ. ಅವರದ್ದು.”

ಮೇಸ್ತ್ರಿ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದ. “ಎತ್ತರ ಎಷ್ಟು ಇಡ್ಲಿ?”

ಅವಳು ಆಗಲೇ ಆಳೆತ್ತರ ಎದ್ದಿದ್ದ ಗೇಟಿನ ಗೋಡೆಯ ಹತ್ತಿರ ಹೋದಳು. ಅವನ ಕಣ್ಣು ಎಲ್ಲಿಗೆ ಬರುತ್ತಿತ್ತು ಎಂದು ಹೇಳಲು ಅವಳಿಗೆ ಟೇಪು ಬೇಕಿರಲಿಲ್ಲ. ಎದುರು ನಿಂತು ಮಾತಾಡುವಾಗ ಎಷ್ಟು ಕತ್ತೆತ್ತಬೇಕೆಂದು ಅವಳ ಕತ್ತಿಗೆ ಗೊತ್ತಿತ್ತು. ಕತ್ತೆತ್ತಿ ನಿಂತಳು. ನೋಡಿದ ಕಡೆ ಬೆರಳಿಟ್ಟಳು. ಮೇಸ್ತ್ರಿ ಅಲ್ಲಿ ಗೆರೆ ಎಳೆದ. ಆಮೇಲೆ ಒಂದು ಗೇಣು ಕೆಳಗೆ ಇನ್ನೊಂದು ಗೆರೆ ಎಳೆದು, “ಎಲ್ಲರೂ ಅಣ್ಣನಷ್ಟು ಉದ್ದ ಇರಲ್ಲ ಅಕ್ಕ,” ಎಂದ. ಅದೂ ಸರಿ ಎಂದಳು.

ಮೈದುನನಿಗೆ ಸುದ್ದಿ ತಲುಪಿ ಓಡಿ ಬಂದ. “ಮನೆ ಮುಂದೆ ಪೈಪು, ಮೀಟರು. ನೋಡಿದವರು ಏನಂತಾರೆ ಅತ್ತಿಗೆ? ಮೂಗಿಗೆ ಮೂಗುತಿ ಬದಲು ಮೊಳೆ ಹೊಡೆದ ಹಾಗಿರುತ್ತೆ.”

“ನೋಡೋರು ಮುಂದಿನ ಮನೆ ನೋಡ್ಲಿ. ಓದೋರು ಇದನ್ನ ಓದ್ಲಿ.”

“ತಿಂಗಳಿಗೆ ಒಂದ್ಸಲ ಬರೋ ಒಬ್ಬರಿಗೋಸ್ಕರನಾ? ಆವತ್ತು ನೀವೇ ಕಾನೂನು ಮಾಡಿದ್ರಂತೆ, ದಿನಾ ಕೈಗೆ ಬರೋ ಅಂಥದ್ದಾಗಿರಬೇಕು ಅಂತ.”

“ಕಾನೂನು ಮಾಡಿದವಳು ನಾನು, ಮುರಿಯೋಳೂ ನಾನೇ,” ಎಂದಳು. ಮೈದುನ ತಲೆ ಆಡಿಸುತ್ತ ಹೋದ. ಮುಂದಿನ ವಾರ ಬಂದು, ಸಜ್ಜಾದ ಅಂಚಿಗೆ ಒಂದು ಸಣ್ಣ ಕಮಾನು ಮಾಡಲು ಮೇಸ್ತ್ರಿಗೆ ಗುಟ್ಟಾಗಿ ಹೇಳಿ ಹೋದ. ಮೇಸ್ತ್ರಿ ಮಾಡಿಯೂಬಿಟ್ಟ. ಅಂಗೈಯಷ್ಟು ಕಮಾನು. ಅವಳು ಎರಡು ದಿನ ಮುಖ ಗಂಟಿಕ್ಕಿ, ಆಮೇಲೆ ಇರಲಿ ಬಿಡು ಎಂದಳು. ಅಣ್ಣನಿಗಾಗಿ ಅವನೂ ಏನಾದರೂ ಮಾಡಬೇಕಲ್ಲ.

ಮನೆ ಮುಗಿಯಿತು. ಮನೆ ಕಟ್ಟಿ ನೋಡು ಎಂದು ಹೇಳಿದವರು ಏನು ನೋಡಬೇಕೆಂದು ಹೇಳಿಲ್ಲ. ಅವಳು ನೋಡಿದ್ದು ಇಷ್ಟು. ಅಡುಗೆ ಕಟ್ಟೆಯ ಮುಂದೆ ಬರಿಯ ನೆಲದ ಮೇಲೆ ನಿಂತಾಗ ಪಾತ್ರೆಯ ತಳ ಕಂಡಿತು. ಬಚ್ಚಲಿಗೆ ಸುರಿದ ನೀರು ಹೇಳದೆ ಕೇಳದೆ ಹೊರಟುಹೋಯಿತು. ಮಗಳು ಮೊದಲ ದಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು, ಒಂದು ನಿಮಿಷಕ್ಕೆ ತೆಗೆದಳು, ಮತ್ತೆ ಹಾಕಿಕೊಂಡಳು. ಒಳಗಿನಿಂದ ಅಳುವ ಸದ್ದು ಬಂತು. ಅವಳು ಬಾಗಿಲು ತಟ್ಟಲಿಲ್ಲ. ಒಬ್ಬಳೇ ಅಳಲು ಒಂದು ಜಾಗವಿರುವುದೂ ಒಳ್ಳೆಯದೇ. ಮಂಚದ ಪಕ್ಕದ ಸ್ವಿಚ್ಚನ್ನು ಮಲಗಿಯೇ ಆರಿಸಿದಳು. ಯಾರೇಳಬೇಕೆಂಬ ಜಗಳ ಹೇಗೂ ಇರಲಿಲ್ಲ.

ಮೊದಲ ತಿಂಗಳ ಕೊನೆಗೆ ಮೀಟರ್ ಓದಲು ಬಂದವಳು ಒಬ್ಬ ಹೆಂಗಸು. ನಲವತ್ತರ ಮೇಲಿನ ವಯಸ್ಸು, ದಪ್ಪ ಮೈ, ತಲೆಗೆ ಟೋಪಿ. ಗೇಟು ತೆಗೆದವಳು ನಿಲ್ಲಲೇ ಇಲ್ಲ, ಸೀದಾ ಹಿತ್ತಿಲ ಕಡೆ ಹೊರಟಳು.

“ಎಲ್ಲಿಗೆ?” ಎಂದಳು ಅವಳು ಬಾಗಿಲಿನಿಂದ.

“ಮೀಟರಿಗೆ ಅಕ್ಕ. ಕಲ್ಲು ಎತ್ತೋಕೆ ಒಂದು ಕೈ ಕೊಡ್ತೀರಾ? ನನ್ನ ಸೊಂಟ ಸರಿ ಇಲ್ಲ.”

“ಎತ್ತೋದೇನೂ ಇಲ್ಲ. ಹಿಂದೆ ತಿರುಗಿ.”

ಹೆಂಗಸು ತಿರುಗಿದಳು. ಕಮಾನಿನ ಕೆಳಗೆ, ಆಕೆಯ ಮುಖದ ನೇರಕ್ಕೆ ಮೀಟರ್ ಇತ್ತು. ಆಕೆ ಅದನ್ನು ನೋಡಿದಳು. ಹಲಗೆ ಕಲ್ಲನ್ನು ನೋಡಿದಳು. ಪುಸ್ತಕವನ್ನು ಅದರ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ನೆರಳಲ್ಲಿ ನಿಂತು ಬರೆದಳು. ಬರೆದು ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದಳು.

“ಹನ್ನೆರಡು ವರ್ಷ ಆಯ್ತು ಅಕ್ಕ, ಈ ಕೆಲಸಕ್ಕೆ ಸೇರಿ. ಇವತ್ತೇ ಮೊದ್ಲು,” ಎಂದಳು.

“ನೀರು ಕುಡೀತೀರಾ?”

“ಕೊಡಿ. ಇವತ್ತು ಟೈಮಿದೆ.”

ಯಾರ ಮನೆ ಇದು ಎಂದು ಆಕೆಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಗೇಟಿನವರೆಗೆ ಹೋದ ಹೆಂಗಸು ತಿರುಗಿ, “ಗಾಜಿಗೆ ಧೂಳು ಕೂತಿತ್ತು, ಸೆರಗಲ್ಲಿ ಒರೆಸ್ದೆ. ರಸ್ತೆ ಪಕ್ಕ ನೋಡಿ,” ಎಂದಳು.

ಆ ಮಾತು ಅವಳ ಮನಸ್ಸಿಗೆ ನಾಟಿತು. ನಿಂತು ಓದುವ ಹಾಗೆ ಮಾಡಿ, ಓದಲು ಬಂದವರು ಒರೆಸಿಕೊಳ್ಳುವ ಹಾಗೆ ಮಾಡಿದರೆ ಕೆಲಸ ಅರ್ಧವೇ ಆದ ಹಾಗೆ.

ಅಂದಿನಿಂದ ಬೆಳಿಗ್ಗೆ ಎದ್ದು ಮುಖ ತೊಳೆದು, ಒಲೆ ಹೊತ್ತಿಸುವ ಮೊದಲು, ಅವಳು ಒಂದು ಹಳೆಯ ಬಟ್ಟೆ ಒದ್ದೆ ಮಾಡಿಕೊಂಡು ಗೇಟಿನ ಹತ್ತಿರ ಹೋಗುತ್ತಾಳೆ. ಗಾಜು ಸ್ವಲ್ಪ ಎತ್ತರ. ತುದಿಗಾಲಲ್ಲಿ ನಿಲ್ಲಬೇಕು. ಮೊದಲು ಸಜ್ಜಾದ ಮೂಲೆಯ ಜೇಡರ ಬಲೆ ತೆಗೆಯುತ್ತಾಳೆ, ಆಮೇಲೆ ಗಾಜು, ಆಮೇಲೆ ಹಲಗೆ ಕಲ್ಲು. ಚಳಿಯ ದಿನಗಳಲ್ಲಿ ಮಂಜು ಕೂತಿರುತ್ತದೆ, ಒಣ ಬಟ್ಟೆಯಲ್ಲಿ ಇನ್ನೊಂದು ಸಲ.

“ಅಮ್ಮ, ತಿಂಗಳಿಗೊಂದು ಸಲ ಬರ್ತಾರೆ. ದಿನಾ ಯಾಕೆ?” ಎಂದಿದ್ದಳು ಮಗಳು.

“ಯಾವ ದಿನ ಬರ್ತಾರೆ ಅಂತ ಹೇಳಿ ಬರ್ತಾರಾ?”

ಅವಳು ಒರೆಸುವ ಹೊತ್ತಿಗೆ ಮನೆಯೊಳಗೆ ಯಾರೂ ಎದ್ದಿರುವುದಿಲ್ಲ. ಮೀಟರಿನ ಸಣ್ಣ ಚಕ್ರ ನಿಂತಿರುತ್ತದೆ. ಅವಳು ಒರೆಸುತ್ತ ಇರುತ್ತಾಳೆ. ಸ್ವಲ್ಪ ಹೊತ್ತಿಗೆ ಮಗಳು ಒಳಗೆ ನಲ್ಲಿ ತಿರುಗಿಸುತ್ತಾಳೆ. ಚಕ್ರ ಒಮ್ಮೆ ತಡವರಿಸಿ, ತಿರುಗತೊಡಗುತ್ತದೆ. ಮಗಳು ಎದ್ದಳು, ಇನ್ನು ಒಲೆ ಹೊತ್ತಿಸಬೇಕು ಎಂದು ಬಟ್ಟೆ ಹಿಂಡಿ, ಗೇಟಿನ ಮೇಲೆ ಒಣಹಾಕಿ ಒಳಗೆ ಹೋಗುತ್ತಾಳೆ.